ಪೆನ್ನಿನ ಆಸ್ಪತ್ರೆಗೆ ಹೋಗುವ ದಾರಿ

ಹೌರಾ ನಿಲ್ದಾಣದಲ್ಲಿ ರೈಲಿಳಿದವರು ಹೂಗ್ಲಿ ನದಿ ದಾಟಿ ಕೋಲ್ಕತ್ತದ ನಡುಭಾಗಕ್ಕೆ ಬರಬೇಕಾದರೆ ಮೊದಲೆಲ್ಲ ಸೇತುವೆಯ ಜನಜಂಗುಳಿಯಲ್ಲಿ ತೂರಿಕೊಂಡು ಬರಬೇಕಾಗಿತ್ತು. 2024ರ ಮಾರ್ಚ್‌ನಿಂದ ನದಿಯ ಅಡಿಯ ಸುರಂಗದಲ್ಲಿ ಮೆಟ್ರೊ ಓಡುತ್ತಿದೆ. ಕಿಟಕಿಯಾಚೆ ಕತ್ತಲೆ, ಅದರಾಚೆ ನದಿ. ಸುಮಾರು ಮುಕ್ಕಾಲು ನಿಮಿಷದಲ್ಲಿ ಅದು ಹಿಂದೆ ಸರಿದಿರುತ್ತದೆ. ಮುಂದೆ ಸಿಗುವುದು ಎಸ್‌ಪ್ಲನೇಡ್. ಊರಿನವರು ಈಗಲೂ ಧರ್ಮತಲ ಎಂದೇ ಕರೆಯುವ ಜಾಗ. ದೇಶದ ಮೊತ್ತಮೊದಲ ಮೆಟ್ರೊ ರೈಲು 1984ರ ಅಕ್ಟೋಬರ್‌ನಲ್ಲಿ ಓಡಿದ್ದು ಈ ನಿಲ್ದಾಣಕ್ಕೂ ಭವಾನಿಪುರಕ್ಕೂ ನಡುವೆ.

ಮೆಟ್ಟಿಲು ಹತ್ತಿ ಮೇಲೆ ಬಂದರೆ ಬಟ್ಟೆ, ಚಪ್ಪಲಿ, ಮೊಬೈಲ್ ಕವಚ ಮಾರುವವರ ಕೂಗಾಟ. ಆ ಗದ್ದಲದ ಪಕ್ಕದಲ್ಲೇ, ನಿಲ್ದಾಣಕ್ಕೆ ತೀರ ಹತ್ತಿರದಲ್ಲಿ, ಒಂದು ಚಿಕ್ಕ ಅಂಗಡಿ ಇದೆ. ಫಲಕದ ಮೇಲೆ ‘ಪೆನ್ ಹಾಸ್ಪಿಟಲ್’ ಎಂದು ಬರೆದಿದೆ. ಗೊತ್ತಿಲ್ಲದವರು ನಕ್ಕು ಮುಂದೆ ಹೋಗುತ್ತಾರೆ. ಗೊತ್ತಿದ್ದವರು ಜೇಬಿನಿಂದ ಕರವಸ್ತ್ರದ ಪೊಟ್ಟಣವೊಂದನ್ನು ಹುಷಾರಾಗಿ ಹೊರತೆಗೆಯುತ್ತಾರೆ. ಅದರೊಳಗಿರುವುದು ಬಹಳ ಸಲ ತಾತನದೋ ತಂದೆಯದೋ ಪೆನ್ನು. ಅಜ್ಜನ ಕಾಲದಲ್ಲಿ ಶುರುವಾಗಿ ಮೊಮ್ಮಕ್ಕಳ ಕೈಗೆ ಬಂದಿರುವ ಅಂಗಡಿ ಇದು. ರಿಪೇರಿಗೆ ಬರುವ ಪೆನ್ನುಗಳೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಬಂದವು.

ಆಸ್ಪತ್ರೆ ಎಂಬ ಹೆಸರು ತಮಾಷೆಗೆ ಇಟ್ಟದ್ದೇನೋ ಅನ್ನಿಸಬಹುದು. ಆದರೆ ಹಳೆಯ ಇಂಕ್ ಪೆನ್ನಿನ ಮಟ್ಟಿಗೆ ಅದು ತಕ್ಕ ಹೆಸರೇ. ರೋಗ ಯಾವುದೆಂದು ಮೊದಲು ಗೊತ್ತಾಗಬೇಕು, ಆಮೇಲೆ ಬದಲಿ ಅಂಗ ಸಿಗಬೇಕು. ರೋಗ ಹೇಳುವವರು ಸಿಕ್ಕಾರು. ಅಂಗ ಸಿಗುವುದೇ ಕಷ್ಟ. ಏಕೆಂದರೆ ಆ ಪೆನ್ನನ್ನು ಮಾಡಿದ ಕಾರ್ಖಾನೆ ಎಂದೋ ಬಾಗಿಲು ಹಾಕಿರುತ್ತದೆ, ಇಲ್ಲವೇ ಆ ಮಾದರಿಯನ್ನು ಕೈಬಿಟ್ಟಿರುತ್ತದೆ.

ಗುಮಾಸ್ತರ ಊರು

ಇಂಥ ಅಂಗಡಿ ಕೋಲ್ಕತ್ತದಲ್ಲಿ ಉಳಿದುಕೊಂಡದ್ದು ಆಶ್ಚರ್ಯವಲ್ಲ. 1911ರಲ್ಲಿ ರಾಜಧಾನಿ ದೆಹಲಿಗೆ ಹೋಗುವುದೆಂದು ಗೊತ್ತಾಗುವವರೆಗೆ ಬ್ರಿಟಿಷ್ ಭಾರತದ ಲೆಕ್ಕಪತ್ರವೆಲ್ಲ ಇಲ್ಲಿಯೇ ನಡೆಯುತ್ತಿತ್ತು. ಧರ್ಮತಲದಿಂದ ಉತ್ತರಕ್ಕೆ ಕಾಲುನಡಿಗೆಯಲ್ಲಿ ಹೋದರೆ ಸಿಗುವ ಕೆಂಪು ಕಟ್ಟಡದ ಹೆಸರೇ ‘ರೈಟರ್ಸ್ ಬಿಲ್ಡಿಂಗ್’. ರೈಟರ್ ಎಂದರೆ ಸಾಹಿತಿಯಲ್ಲ, ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತ. 2013ರಲ್ಲಿ ನದಿಯಾಚೆಯ ಕಟ್ಟಡಕ್ಕೆ ಸ್ಥಳಾಂತರವಾಗುವ ತನಕ ಪಶ್ಚಿಮ ಬಂಗಾಳದ ಸಚಿವಾಲಯ ಇದ್ದುದು ಇಲ್ಲೇ. ಸುತ್ತಮುತ್ತ ಹಡಗು ಕಂಪನಿಗಳು, ಸೆಣಬಿನ ಮತ್ತು ಚಹಾ ವ್ಯಾಪಾರದ ಕಚೇರಿಗಳು, ವಿಮಾ ಕಂಪನಿಗಳು. ಇನ್ನೊಂದು ಕಡೆ 1857ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ, ಅದರ ಪಕ್ಕಕ್ಕೆ ಹಬ್ಬಿಕೊಂಡ ಕಾಲೇಜ್ ಸ್ಟ್ರೀಟ್. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕ ಹುಡುಕಿದವರಿಗೆ ಕಾಲೇಜ್ ಸ್ಟ್ರೀಟನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಅದನ್ನೇ ಹತ್ತು ಪಾಲು ಹಿಗ್ಗಿಸಿಕೊಂಡರೆ ಸಾಕು.

ಇಷ್ಟು ಜನ ಬರೆಯುವ ಊರಿಗೆ ಲಂಡನ್ನಿನಿಂದ, ಅಮೆರಿಕದಿಂದ ಪೆನ್ನುಗಳು ಬಂದಿಳಿದವು. ಪಾರ್ಕರ್, ಶೆಫರ್, ವಾಟರ್‌ಮನ್, ಕಾನ್ವೇ ಸ್ಟೂವರ್ಟ್. ಬಂದವು ಕೆಟ್ಟವು, ಕೆಟ್ಟವು ರಿಪೇರಿಯಾದವು. ಬಾಲ್ ಪೆನ್ನು ಬಂದ ಮೇಲೆ ರಿಪೇರಿಯ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಎರಡು ಮೂರು ರೂಪಾಯಿಯ ಪೆನ್ನನ್ನು ಯಾರು ರಿಪೇರಿ ಮಾಡಿಸುತ್ತಾರೆ? ಆದರೆ ಹಳೆಯ ಪೆನ್ನುಗಳ ಅವಶೇಷ ಊರಿನ ಕಪಾಟುಗಳಲ್ಲಿ, ಟ್ರಂಕುಗಳಲ್ಲಿ, ಇಂಥ ಅಂಗಡಿಗಳ ಡ್ರಾಯರುಗಳಲ್ಲಿ ಉಳಿದುಕೊಂಡಿತು. ಇವತ್ತು ರಿಪೇರಿಗೆ ಬಂಡವಾಳವಾಗಿರುವುದು ಈ ಅವಶೇಷವೇ.

ಕೆಡುವುದು ಯಾವುದು?

ಹಳೆಯ ಪೆನ್ನು ಬರೆಯುವುದಿಲ್ಲ ಎಂದಾಗ ಮನೆಯವರು ಮೊದಲು ದೂರುವುದು ನಿಬ್ಬನ್ನು. ನಿಬ್ಬಿನದು ಸಾಮಾನ್ಯವಾಗಿ ತಪ್ಪಿರುವುದಿಲ್ಲ. ಒಳ್ಳೆಯ ಪೆನ್ನಿನ ನಿಬ್ಬು 14 ಕ್ಯಾರಟ್ ಚಿನ್ನದ್ದು, ಅಂದರೆ ನೂರಕ್ಕೆ ಸುಮಾರು 58 ಪಾಲು ಚಿನ್ನ. ಶಾಯಿಯಲ್ಲಿರುವ ಆಮ್ಲ ಅದನ್ನು ತಿನ್ನಲಾರದು. ಚಿನ್ನ ಮೆತ್ತಗೆ, ಕಾಗದದ ಮೇಲೆ ಉಜ್ಜಿದರೆ ಸವೆದುಹೋಗುತ್ತದೆ. ಆದ್ದರಿಂದ ತುದಿಗೆ ಇರಿಡಿಯಂ, ಆಸ್ಮಿಯಂ ಜಾತಿಯ ಗಟ್ಟಿ ಲೋಹದ ಸಾಸಿವೆಗಿಂತ ಚಿಕ್ಕ ಕಾಳೊಂದನ್ನು ಬೆಸೆದಿರುತ್ತಾರೆ. ಆ ಕಾಳು ಇರುವವರೆಗೆ ನಿಬ್ಬು ಮೂರು ತಲೆಮಾರು ಬರೆಯಬಲ್ಲದು.

ಕೆಡುವುದು ಒಳಗಿನ ರಬ್ಬರು. 20ನೇ ಶತಮಾನದ ಮೊದಲ ಅರ್ಧದ ಬಹುಪಾಲು ಪೆನ್ನುಗಳಲ್ಲಿ ಮಗ್ಗುಲಿಗೆ ಒಂದು ಸಣ್ಣ ಲೋಹದ ಕಡ್ಡಿ ಇರುತ್ತದೆ. ಉಗುರಿನಿಂದ ಅದನ್ನು ಎತ್ತಿದರೆ ಒಳಗಿನ ಲೋಹದ ಪಟ್ಟಿ ರಬ್ಬರ್ ಟ್ಯೂಬನ್ನು ಅಮುಕುತ್ತದೆ, ಗಾಳಿ ಹೊರಗೆ ಹೋಗುತ್ತದೆ. ಬಿಟ್ಟರೆ ಟ್ಯೂಬು ಉಬ್ಬಿ ಶಾಯಿಯನ್ನು ಹೀರಿಕೊಳ್ಳುತ್ತದೆ. ಶೆಫರ್ ಕಂಪನಿ ಈ ಉಪಾಯವನ್ನು ಜನಪ್ರಿಯ ಮಾಡಿತು. ಆಮೇಲೆ ಎಲ್ಲರೂ ಹಿಡಿದರು. ಮೂವತ್ತು ನಲವತ್ತು ವರ್ಷ ಪೆಟ್ಟಿಗೆಯಲ್ಲಿದ್ದ ಪೆನ್ನಿನಲ್ಲಿ ಆ ಟ್ಯೂಬು ಹಪ್ಪಳದಂತೆ ಗರಿಗರಿಯಾಗಿ ಪುಡಿಯಾಗಿರುತ್ತದೆ, ಇಲ್ಲವೇ ಕರಗಿದ ಬೆಲ್ಲದಂತೆ ಒಳಮೈಗೆ ಅಂಟಿಕೊಂಡಿರುತ್ತದೆ. ಪೆನ್ನನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಚೂರುಗಳ ಸದ್ದು ಕೇಳಿಸುವುದುಂಟು.

ಇದಕ್ಕೆ ಮದ್ದು ಇದೆ. ಟ್ಯೂಬನ್ನು ಇವತ್ತಿಗೂ ಹೊಸದಾಗಿ ತಯಾರಿಸುತ್ತಾರೆ. ಅದರ ಅಳತೆಯ ಲೆಕ್ಕ ಮಕ್ಕಳಿಗೆ ಹೇಳಿಕೊಡಲು ಚೆನ್ನಾಗಿದೆ: 16ನೇ ನಂಬರ್ ಟ್ಯೂಬು ಎಂದರೆ ಒಂದು ಅಂಗುಲದ ಅರವತ್ತನಾಲ್ಕು ಪಾಲಿನಲ್ಲಿ ಹದಿನಾರು ಪಾಲು ದಪ್ಪ, ಅಂದರೆ ಕಾಲು ಅಂಗುಲ. 18 ಎಂದರೆ ಅದಕ್ಕಿಂತ ಎರಡು ಪಾಲು ಹೆಚ್ಚು. ರಿಪೇರಿಯವರು ಪೆನ್ನಿನ ಕತ್ತನ್ನು, ಅಂದರೆ ನಿಬ್ಬು ಕೂರುವ ಭಾಗವನ್ನು, ಬಿಸಿಗಾಳಿಗೆ ಹದವಾಗಿ ಕಾಯಿಸಿ ಅಲುಗಿಸಿ ಬಿಡಿಸುತ್ತಾರೆ. ಹಳೆಯ ರಬ್ಬರನ್ನು ಕೆರೆದು ತೆಗೆಯುತ್ತಾರೆ. ಹೊಸ ಟ್ಯೂಬನ್ನು ಬೇಕಾದ ಉದ್ದಕ್ಕೆ ಕತ್ತರಿಸಿ ಕತ್ತಿನ ಹಿಂಭಾಗಕ್ಕೆ ಏರಿಸಿ, ಒಂದು ರಾತ್ರಿ ಒಣಗಲು ಬಿಟ್ಟು, ಮೇಲೆ ಟಾಲ್ಕ್ ಪುಡಿ ಸವರಿ ಮತ್ತೆ ಒಳಗೆ ಕೂರಿಸುತ್ತಾರೆ. ಮೊದಲು ನೀರು ತುಂಬಿಸಿ ನೋಡುತ್ತಾರೆ. ಶಾಯಿಯ ಸರದಿ ಆಮೇಲೆ.

ಟ್ಯೂಬನ್ನು ಅಂಟಿಸುವುದು ಯಾವುದರಿಂದ? ಅರಗಿನಿಂದ. ಪಾಂಡವರ ಮನೆಗೆ ಬಳಸಿದರೆಂದು ಕಥೆಯಲ್ಲಿ ಕೇಳಿದ, ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವ ಅದೇ ಅರಗು. ಅದನ್ನು ಶುದ್ಧಮಾಡಿ ಸ್ಪಿರಿಟ್‌ನಲ್ಲಿ ಕರಗಿಸಿದ ದ್ರವ ಪೆನ್ನಿನ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಶಾಯಿ ಅದನ್ನು ಬಿಡಿಸಲಾರದು. ಆದರೆ ಹದವಾದ ಬಿಸಿ ತಾಗಿದರೆ ಮೆತ್ತಗಾಗಿ ಬಿಟ್ಟುಕೊಡುತ್ತದೆ. ಮುಂದೆ ಐವತ್ತು ವರ್ಷದ ನಂತರ ಯಾರಾದರೂ ಇದನ್ನು ಮತ್ತೆ ಬಿಚ್ಚಬೇಕಾಗುತ್ತದೆ ಎಂಬ ಯೋಚನೆ ಅದರಲ್ಲೇ ಅಡಗಿದೆ. ಇವತ್ತಿನ ಅಂಗಡಿಯ ಸೂಪರ್ ಗ್ಲೂನಲ್ಲಿ ಆ ಯೋಚನೆಯಿಲ್ಲ. ಮನೆಯಲ್ಲೇ ರಿಪೇರಿ ಮಾಡಲು ಹೋಗಿ ಸೂಪರ್ ಗ್ಲೂ ಹಾಕಿದ ಪೆನ್ನನ್ನು ಬಿಡಿಸಲು ಹೋದರೆ ಬಹಳ ಸಲ ಕತ್ತೇ ಸೀಳುತ್ತದೆ. (ಅರಗಿಗೂ ಬರವಣಿಗೆಗೂ ಮೈಸೂರಿನಲ್ಲಿ ಇನ್ನೊಂದು ನಂಟಿದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ತಯಾರಿಸುತ್ತ ಬಂದಿದೆ.)

ಟ್ಯೂಬು ಸಿಕ್ಕಿತು, ಅರಗು ಸಿಕ್ಕಿತು. ಟ್ಯೂಬನ್ನು ಅಮುಕುವ ಲೋಹದ ಪಟ್ಟಿ ತುಕ್ಕು ಹಿಡಿದು ಮುರಿದಿದ್ದರೆ ಅದಕ್ಕೂ ಬದಲಿ ಸಿಗುತ್ತದೆ; ಜೇ ಅಕ್ಷರದಂತೆ ಬಾಗಿದ ಪಟ್ಟಿಯನ್ನು ಉದ್ದ ನೋಡಿ ಕತ್ತರಿಸಿ ಹಾಕಿದರಾಯಿತು. ಕಷ್ಟ ಶುರುವಾಗುವುದು ಇದರ ಆಚೆ.

ತಾತನ ಪಾರ್ಕರ್

ಭಾರತದ ಮಧ್ಯಮ ವರ್ಗದ ಮನೆಗಳಲ್ಲಿ ಅತಿ ಹೆಚ್ಚು ಮರ್ಯಾದೆ ಪಡೆದ ಪೆನ್ನು ಬಹುಶಃ ‘ಪಾರ್ಕರ್ 51’. 1941ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಜೇನ್ಸ್‌ವಿಲ್ ಊರಿನ ಕಾರ್ಖಾನೆಯಿಂದ ಮಾರುಕಟ್ಟೆಗೆ ಬಂತು. ನಿಬ್ಬಿನ ತುದಿ ಮಾತ್ರ ಹೊರಗೆ ಕಾಣುತ್ತದೆ, ಉಳಿದದ್ದೆಲ್ಲ ಮುಸುಕಿನೊಳಗೆ. ನಿಬ್ಬು ಒಣಗದಿರಲಿ ಎಂದು ಮಾಡಿದ ಏರ್ಪಾಡು ಅದು. ಮುಸುಕಿನೊಳಗೆ ಬಾಚಣಿಗೆಯ ಹಲ್ಲಿನಂಥ ಸಂದುಗಳಿರುವ ಒಂದು ಭಾಗವಿದೆ. ಹೆಚ್ಚಾದ ಶಾಯಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಪೆನ್ನನ್ನು ಒಣಗಲು ಬಿಟ್ಟರೆ ಹೂಳು ತುಂಬುವುದೂ ಅಲ್ಲೇ.

ಈ ಪೆನ್ನಿನಲ್ಲಿ ಎರಡು ಜಾತಿ. 1948ಕ್ಕಿಂತ ಮುಂಚಿನದರಲ್ಲಿ ಶಾಯಿ ಹೀರುವುದು ಹಿಂಬದಿಯ ಗುಂಡಿಯನ್ನು ಒತ್ತಿ ಒತ್ತಿ ಬಿಟ್ಟಾಗ. ಒಳಗೆ ತೆಳುವಾದ ರಬ್ಬರ್ ಪೊರೆಯೊಂದು ಹಿಂದೆ ಮುಂದೆ ಸರಿಯುತ್ತದೆ. ಆ ಪೊರೆ ವರ್ಷ ಕಳೆದಂತೆ ಹರಿಯುತ್ತದೆ. ಬದಲಿ ಪೊರೆ ಹೊಸದಾಗಿ ಸಿಗುತ್ತದೆ, ಆದರೆ ಗುಂಡಿಯ ಸುತ್ತಲಿನ ಉಂಗುರವನ್ನು ತಿರುಗಿಸಿ ತೆಗೆಯಲು ಅದಕ್ಕೆಂದೇ ಮಾಡಿದ ಉಪಕರಣ ಬೇಕು. ಇಕ್ಕಳ ಹಾಕಿದವರು ಉಂಗುರವನ್ನು ಕೆಡಿಸಿ, ಕೊಳವೆಯನ್ನೂ ಬಿರಿಸುತ್ತಾರೆ. 1948ರ ನಂತರದ್ದರಲ್ಲಿ ಕಂಪನಿ ರಬ್ಬರನ್ನೇ ಕೈಬಿಟ್ಟು ಪಾರದರ್ಶಕವಾದ ಪ್ಲಾಸ್ಟಿಕ್ ಟ್ಯೂಬನ್ನು ಹಾಕಿತು. ಅದು ಎಷ್ಟು ಗಟ್ಟಿಯೆಂದರೆ ಎಪ್ಪತ್ತು ವರ್ಷ ಕಳೆದ ಪೆನ್ನಿನಲ್ಲೂ ಮೊದಲಿನ ಟ್ಯೂಬೇ ಕೆಲಸ ಮಾಡುತ್ತಿರುವುದುಂಟು. ತಾತನ ಪೆನ್ನು ಈ ಎರಡನೆಯ ಜಾತಿಯದಾದರೆ ಬಹಳ ಸಲ ಅದಕ್ಕೆ ಯಾವ ಬಿಡಿಭಾಗವೂ ಬೇಕಾಗಿರುವುದಿಲ್ಲ. ತಣ್ಣೀರು ತುಂಬಿಸಿ, ಖಾಲಿ ಮಾಡಿ, ಮತ್ತೆ ತುಂಬಿಸಿ ಮೂರು ನಾಲ್ಕು ದಿನ ತಾಳ್ಮೆಯಿಂದ ತೊಳೆದರೆ ನೀಲಿ ನೀರು ಬಂದು, ಕೊನೆಗೆ ತಿಳಿನೀರು ಬಂದು, ಪೆನ್ನು ಬರೆಯಲು ಶುರುಮಾಡುತ್ತದೆ.

ಹಾಗಿದ್ದೂ ಇಂಥ ಪೆನ್ನುಗಳು ಹಾಳಾಗುವುದು ತಾಳ್ಮೆ ತಪ್ಪಿದಾಗ. ಬರೆಯುತ್ತಿಲ್ಲವೆಂದು ಯಾರೋ ಮುಸುಕಿನ ಕೆಳಗಿನ ನಿಬ್ಬನ್ನು ಇಕ್ಕಳದಲ್ಲಿ ಎಳೆಯುತ್ತಾರೆ. ನಿಬ್ಬು ಬರುವುದಿಲ್ಲ, ಬಾಗುತ್ತದೆ. ಇಲ್ಲವೇ ಕುದಿಯುವ ನೀರಿಗೆ ಹಾಕುತ್ತಾರೆ.

ಆಗ ಬದಲಿ ಭಾಗ ಬೇಕಾಗುತ್ತದೆ. 51ರ ತಯಾರಿಕೆ 1970ರ ದಶಕದಲ್ಲೇ ನಿಂತಿದೆ. ಇತ್ತೀಚೆಗೆ ಅದೇ ಹೆಸರಿನಲ್ಲಿ ಕಂಪನಿ ಹೊಸ ಪೆನ್ನೊಂದನ್ನು ಹೊರತಂದಿದೆ. ನೋಡಲು ಅಣ್ಣತಮ್ಮಂದಿರಂತಿದ್ದರೂ ಒಳಗಿನ ರಚನೆ ಬೇರೆ, ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಶಾಂಘೈನ ಹೀರೊ ಪೆನ್ನಿಗೂ ಅದೇ ಮಾತು. ಶಾಲೆಗೆ ಹೀರೊ ಹಿಡಿದು ಹೋದವರಿಗೆ ಅದರ ಮುಸುಕು, ಹೊಳೆಯುವ ಮುಚ್ಚಳ ನೆನಪಿರಬಹುದು. ಹೋಲಿಕೆ ಮೇಲ್ನೋಟಕ್ಕೆ ಮಾತ್ರ, ಅಳತೆ ಬೇರೆ.

ಹಾಗಾದರೆ 51ರ ಮುಸುಕು ಎಲ್ಲಿ ಸಿಗುತ್ತದೆ? ಇನ್ನೊಂದು 51ರಲ್ಲಿ. ಕೊಳವೆ ಒಡೆದ ಪೆನ್ನಿನಿಂದ ಮುಸುಕು, ನಿಬ್ಬು ಹೋದದ್ದರಿಂದ ಮುಚ್ಚಳ, ಮುಚ್ಚಳ ಹೋದದ್ದರಿಂದ ನಿಬ್ಬು. ಒಂದು ಪೆನ್ನು ಬದುಕಬೇಕಾದರೆ ಇನ್ನೊಂದು ಸತ್ತಿರಬೇಕು. ಪೆನ್ ಹಾಸ್ಪಿಟಲಿನಂಥ ಅಂಗಡಿಗಳಿಗೆ ಬೆಲೆ ಬರುವುದು ಇಲ್ಲಿ. ಅಲ್ಲಿರುವ ಹಳೆಯ ಪೆನ್ನುಗಳೂ ಬಿಡಿಭಾಗಗಳೂ ಒಂದೇ ದಿನ ಕೊಂಡು ತಂದದ್ದಲ್ಲ, ತಲೆಮಾರುಗಳಲ್ಲಿ ಕೂಡಿದ್ದು. ಯಾವ ಕಾಲದ ಕ್ಲಿಪ್ಪು ಯಾವ ಮುಚ್ಚಳಕ್ಕೆ ಕೂರುತ್ತದೆ ಎಂಬುದನ್ನು ಕೈಯೇ ಹೇಳಬೇಕು. ಡ್ರಾಯರು ಖಾಲಿಯಾದರೆ ತುಂಬಿಸುವ ಕಾರ್ಖಾನೆ ಇಲ್ಲ.

ಹಾಗೆ ಸಿಗಬಹುದಾಗಿದ್ದ ಭಾಗಗಳಲ್ಲಿ ದೊಡ್ಡ ಪಾಲನ್ನು ನುಂಗಿದ್ದು ಅಕ್ಕಸಾಲಿಗರ ಕುಲುಮೆ. ಮನೆಯಲ್ಲಿ ಹಿರಿಯರು ತೀರಿಕೊಂಡ ಮೇಲೆ ಪೆನ್ನಿನ ಚಿನ್ನದ ನಿಬ್ಬನ್ನು ಕಿತ್ತು ತೂಕಕ್ಕೆ ಹಾಕಿದವರುಂಟು. ಒಂದು ನಿಬ್ಬಿನ ತೂಕ ಸಾಮಾನ್ಯವಾಗಿ ಅರ್ಧ ಗ್ರಾಂ ಆಸುಪಾಸು, ಅದರಲ್ಲೂ ಅಪ್ಪಟ ಚಿನ್ನ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಕರಗಿಸಿದ್ದನ್ನು ಮತ್ತೆ ನಿಬ್ಬು ಮಾಡಿಕೊಡಲು ಅಕ್ಕಸಾಲಿಗರಿಗೂ ಆಗುವುದಿಲ್ಲ. ತುದಿಯ ಕಾಳನ್ನು ಹೊಸದಾಗಿ ಬೆಸೆಯಬಲ್ಲವರು ಇಡೀ ಪ್ರಪಂಚದಲ್ಲೇ ಕೆಲವರಿದ್ದಾರೆ ಅಷ್ಟೆ.

ನೆಲಕ್ಕೆ ಉಜ್ಜಿದ ನಿಬ್ಬು

ಕನ್ನಡ ಶಾಲೆಗಳಲ್ಲಿ ಕಲಿತ ಹಿರಿಯರನ್ನು ಕೇಳಿದರೆ ನಿಬ್ಬಿನ ಚಿಕಿತ್ಸೆಯ ಬಗ್ಗೆ ಒಂದು ವೈದ್ಯಶಾಸ್ತ್ರವನ್ನೇ ಹೇಳುತ್ತಾರೆ. ದಪ್ಪ ಬರೆದರೆ ಸಿಮೆಂಟಿನ ನೆಲಕ್ಕೆ ಉಜ್ಜುವುದು. ಬರೆಯದಿದ್ದರೆ ಸೀಳಿಗೆ ಬ್ಲೇಡು ತೂರಿಸುವುದು. ಆಗಲೂ ಬರೆಯದಿದ್ದರೆ ಜೋರಾಗಿ ಕೊಡವುವುದು. ಮುಂದಿನ ಬೆಂಚಿನವನ ಅಂಗಿಯ ಬೆನ್ನ ಮೇಲೆ ಚುಕ್ಕಿಗಳ ಸಾಲು. ಚೆಲ್ಲಿದ್ದನ್ನು ಸೀಮೆಸುಣ್ಣದಿಂದ ಹೀರಿಸುವುದು. ಕೊನೆಯದೊಂದನ್ನು ಬಿಟ್ಟರೆ ಉಳಿದೆಲ್ಲವೂ ಪೆನ್ನಿಗೆ ಶತ್ರು. ನೆಲಕ್ಕೆ ಉಜ್ಜಿದಾಗ ಸವೆಯುವುದು ಆ ಬೆಲೆಬಾಳುವ ಕಾಳು. ಬ್ಲೇಡು ಹಾಕಿದರೆ ಸೀಳು ಅಗಲವಾಗಿ ಶಾಯಿಯ ಸರಪಳಿ ತುಂಡಾಗುತ್ತದೆ.

ಸರಪಳಿ ಎಂದದ್ದಕ್ಕೆ ಕಾರಣವಿದೆ. ಕಿರಿದಾದ ಸಂದಿನಲ್ಲಿ ದ್ರವ ತಾನಾಗಿ ಏರುವ ಗುಣವನ್ನು ವಿಜ್ಞಾನದ ಪಾಠದಲ್ಲಿ ಮಕ್ಕಳು ಓದಿರುತ್ತಾರೆ. ಇಂಕ್ ಪೆನ್ನು ಬರೆಯುವುದು ಅದರಿಂದಲೇ. ನಿಬ್ಬಿನ ಅಡಿಯಲ್ಲಿ ನಾಲಗೆಯಂತೆ ಕೂರುವ ಭಾಗದಲ್ಲಿ ಕೂದಲೆಳೆಯಂಥ ಗೀರುಗಳಿರುತ್ತವೆ. ಶಾಯಿ ಕೆಳಗೆ ಇಳಿಯುತ್ತದೆ, ಅಷ್ಟೇ ಗಾಳಿ ಮೇಲೆ ಹೋಗುತ್ತದೆ. ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದದ್ದು ಈ ನಾಲಗೆಗೇ. ಗೀರುಗಳಲ್ಲಿ ಶಾಯಿ ಒಣಗಿ ಗಟ್ಟಿಯಾದರೆ ಕೊಡವಿ ಪ್ರಯೋಜನವಿಲ್ಲ, ತೊಳೆಯಬೇಕು. ಗೀಚುವ ನಿಬ್ಬಿನಲ್ಲಿ ಹೆಚ್ಚಾಗಿ ಸವೆತವಿರುವುದಿಲ್ಲ. ಎರಡು ಕವಲುಗಳಲ್ಲಿ ಒಂದು ತುಸು ಮೇಲೆ, ಒಂದು ತುಸು ಕೆಳಗೆ ಸರಿದಿರುತ್ತದೆ. ಗಡಿಯಾರ ರಿಪೇರಿಯವರ ಕಣ್ಣುಗಾಜಿನಲ್ಲಿ ನೋಡಿ ಉಗುರಿನಿಂದ ಒತ್ತಿ ಸರಿಮಾಡುವ ಕೆಲಸ ಅದು.

ಮಣ್ಣಲ್ಲ, ಹಾಲು

ಪೆನ್ನಿನ ಮೈ ಯಾವುದರದು ಎಂಬುದು ಗೊತ್ತಿಲ್ಲದೆ ತೊಳೆಯಲು ಹೋಗಬಾರದು. ಹಳೆಯ ಕಪ್ಪು ಪೆನ್ನು ಎಬೊನೈಟ್‌ನದಾಗಿದ್ದರೆ, ಅಂದರೆ ರಬ್ಬರಿಗೆ ಗಂಧಕ ಸೇರಿಸಿ ಗಟ್ಟಿಮಾಡಿದ್ದಾದರೆ, ನೀರಿನಲ್ಲಿ ನೆನೆಹಾಕಿದ ಮೇಲೆ ಕಂದುಬಣ್ಣಕ್ಕೆ ತಿರುಗಬಹುದು. ಬಣ್ಣಬಣ್ಣದ ಪಟ್ಟೆಗಳಿರುವ ಪೆನ್ನು ಸೆಲ್ಯುಲಾಯ್ಡ್‌ನದಾಗಿದ್ದರೆ ಬೆಂಕಿಯ ಹತ್ತಿರ ಸುಳಿಯಬಾರದು. ಹಳೆಯ ಸಿನಿಮಾ ರೀಲಿನಂತೆ ಭುಗಿಲೆಂದು ಹೊತ್ತಿಕೊಳ್ಳುತ್ತದೆ. ಲಂಡನ್ನಿನ ಕಾನ್ವೇ ಸ್ಟೂವರ್ಟ್ ಕಂಪನಿಯ ಅನೇಕ ಪೆನ್ನುಗಳ ಮೈ ಮಾಡಿದ್ದು ಕೇಸೀನ್‌ನಿಂದ. ಕೇಸೀನ್ ಎಂದರೆ ಹಾಲಿನ ಪ್ರೋಟೀನು. ರಾತ್ರಿಯಿಡೀ ನೀರಿನಲ್ಲಿಟ್ಟರೆ ಅದು ಉಬ್ಬಿ ಸೊಟ್ಟಗಾಗುತ್ತದೆ. ಸ್ಪಿರಿಟ್ ಹಾಕಿ ಒರೆಸಿದರೆ ಬೇಗ ಸ್ವಚ್ಛವಾದೀತೆಂದು ಕೆಲವರು ಭಾವಿಸುತ್ತಾರೆ. ಹಲವು ಜಾತಿಯ ಪ್ಲಾಸ್ಟಿಕ್ಕಿನ ಮೈ ಅದರಿಂದ ಮಂಕಾಗಿ ಬಿರುಕು ಬಿಡುತ್ತದೆ, ಒಳಗಿನ ಅರಗು ಕರಗುತ್ತದೆ.

ಚಿತ್ರ ಬರೆಯುವ ‘ಇಂಡಿಯನ್ ಇಂಕ್’ ಅನ್ನು ಪೆನ್ನಿಗೆ ತುಂಬಿಸುವುದು ವಿದ್ಯಾರ್ಥಿಗಳು ಮಾಡುವ ಇನ್ನೊಂದು ಅನಾಹುತ. ಅಂಥ ಶಾಯಿಯಲ್ಲಿ ಬಹಳ ಸಲ ಅರಗೇ ಇರುತ್ತದೆ. ಕತ್ತಿನ ಹಿಂದೆ ಟ್ಯೂಬನ್ನು ಹಿಡಿದಿಡುವ ಅದೇ ವಸ್ತು ನಾಲಗೆಯ ಗೀರುಗಳಲ್ಲಿ ಕೂತರೆ ಪೆನ್ನಿನ ಉಸಿರೇ ಕಟ್ಟುತ್ತದೆ.

ಸುಲೇಖಾ ತಿರುವು

ರಿಪೇರಿಯಾದ ಪೆನ್ನಿಗೆ ಯಾವ ಶಾಯಿ? ಕೋಲ್ಕತ್ತದಲ್ಲಿ ಈ ಪ್ರಶ್ನೆಗೆ ಉತ್ತರವಾಗಿ ಒಂದು ಬಸ್ ನಿಲ್ದಾಣವೇ ಇದೆ. ಊರಿನ ದಕ್ಷಿಣಕ್ಕೆ, ಜಾದವಪುರದಲ್ಲಿ, ಕಂಡಕ್ಟರುಗಳು ‘ಸುಲೇಖಾ ಮೋಡ್’ ಎಂದು ಕೂಗುತ್ತಾರೆ. ಮೋಡ್ ಎಂದರೆ ತಿರುವು. ಸುಲೇಖಾ ಶಾಯಿ ಕಾರ್ಖಾನೆಯಿಂದ ಬಂದ ಹೆಸರು ಅದು. ವಿದೇಶಿ ಶಾಯಿಗೆ ಬದಲಿಯಾಗಿ ದೇಶೀ ಶಾಯಿ ಬೇಕೆಂಬ ಗಾಂಧೀಜಿಯವರ ಆಸೆಗೆ ಓಗೊಟ್ಟು, ಸೋದೆಪುರದಲ್ಲಿ ಖಾದಿ ಪ್ರತಿಷ್ಠಾನ ಕಟ್ಟಿದ ರಸಾಯನಶಾಸ್ತ್ರಜ್ಞ ಸತೀಶ್‌ಚಂದ್ರ ದಾಸಗುಪ್ತ ಶಾಯಿಯೊಂದನ್ನು ರೂಪಿಸಿದ್ದರು. ಅದರ ಜಾಡು ಹಿಡಿದು ಮೈತ್ರ ಮನೆತನದ ಅಣ್ಣತಮ್ಮಂದಿರು 1934ರಲ್ಲಿ ಈಗ ಬಾಂಗ್ಲಾದೇಶದಲ್ಲಿರುವ ರಾಜಶಾಹಿಯಲ್ಲಿ ಸುಲೇಖಾ ಆರಂಭಿಸಿದರು. ಕಾರ್ಖಾನೆ ಮುಂದೆ ಕಲ್ಕತ್ತಕ್ಕೆ ಬಂತು, ಬೆಳೆಯಿತು, 1980ರ ದಶಕದ ಕೊನೆಗೆ ಮುಚ್ಚಿತು. ಹೆಸರು ಮಾತ್ರ ಬಸ್ಸಿನ ಫಲಕದಲ್ಲಿ ಉಳಿಯಿತು. 2006ರಲ್ಲಿ ಬಾಗಿಲು ಮತ್ತೆ ತೆರೆಯಿತು. 2020ರ ಕೊನೆಯಲ್ಲಿ, ಕೊರೊನಾ ಕಾಲದಲ್ಲಿ, ಇಂಕ್ ಪೆನ್ನಿನ ಶಾಯಿ ಮತ್ತೆ ಸೀಸೆಗಳಲ್ಲಿ ಬಂತು.

ಹಳೆಯ ಪೆನ್ನಿಗೆ ಇಂಥ ಸಾದಾ ನೀಲಿ ಶಾಯಿಯೇ ಒಳ್ಳೆಯದು. ಮಿರುಗುವ ಪುಡಿ ಬೆರೆಸಿದ ಹೊಸ ಬಣ್ಣಗಳು ಕಣ್ಣಿಗೆ ಚೆಂದ. ಎಂಬತ್ತು ವರ್ಷದ ನಾಲಗೆಗೆ ಅಲ್ಲ.

ಗೋದಾವರಿಯ ದಂಡೆಯಲ್ಲಿ

ಹೌರಾದಿಂದ ಬೆಂಗಳೂರಿನ ಕಡೆ ಹೊರಟ ರೈಲು ಪೂರ್ವ ಕರಾವಳಿಯನ್ನು ಹಿಡಿದು ಇಳಿಯುತ್ತ ಗೋದಾವರಿಯನ್ನು ದಾಟುವ ಮುನ್ನ ರಾಜಮಂಡ್ರಿಯನ್ನು ಹಾಯುತ್ತದೆ. ಪೆನ್ನಿನ ಯಾತ್ರಿಕರು ಇಳಿಯಬೇಕಾದ ಇನ್ನೊಂದು ಊರು ಇದು. ಕೋಲ್ಕತ್ತದಲ್ಲಿ ಬದಲಿ ಭಾಗವನ್ನು ಹುಡುಕುತ್ತಾರೆ, ಇಲ್ಲಿ ಮಾಡುತ್ತಾರೆ.

ಕೆ.ವಿ. ರತ್ನಂ ಇಲ್ಲಿಯ ಅಕ್ಕಸಾಲಿಗರು. ಹಳ್ಳಿಯ ಕೈಗಾರಿಕೆಯಿಂದ ಬರುವ, ಜನರಿಗೆ ಉಪಯೋಗವಾಗುವ ಏನಾದರೊಂದನ್ನು ಮಾಡಿ ಎಂದು ಗಾಂಧೀಜಿ ಹೇಳಿದ ಮಾತನ್ನು ಹಿಡಿದುಕೊಂಡು ಪೆನ್ನು ಮಾಡಲು ಕೂತರು. 1932ರಿಂದ ರತ್ನಂ ಪೆನ್ನು ತಯಾರಾಗುತ್ತಿದೆ. ಒಂದು ಪೆನ್ನು ಜೆ.ಸಿ. ಕುಮಾರಪ್ಪನವರ ಮೂಲಕ ವಾರ್ಧಾಕ್ಕೆ ತಲುಪಿತು. ಅದನ್ನು ಬಳಸಿ ನೋಡಿದ ಗಾಂಧೀಜಿ, ಅಂಗಡಿಗಳಲ್ಲಿ ಕಾಣುವ ವಿದೇಶಿ ಪೆನ್ನುಗಳಿಗೆ ಇದು ಒಳ್ಳೆಯ ಬದಲಿ ಎಂಬರ್ಥದಲ್ಲಿ 1935ರ ಜುಲೈನಲ್ಲಿ ಪತ್ರ ಬರೆದರು.

ಎಬೊನೈಟ್ ಕಡ್ಡಿಯನ್ನು ಲೇತಿಗೆ ಕೊಟ್ಟು, ಉಳಿ ಹಿಡಿದು, ಕೊಳವೆ, ಕತ್ತು, ಮುಚ್ಚಳಗಳನ್ನು ಒಂದೊಂದಾಗಿ ಕಡೆದು ತೆಗೆಯುವ ಕೆಲಸ ಇದು. ಇಂಥ ಪೆನ್ನಿನಲ್ಲಿ ಸಾಮಾನ್ಯವಾಗಿ ಟ್ಯೂಬೇ ಇಲ್ಲ. ಕತ್ತನ್ನು ತಿರುಗಿಸಿ ತೆಗೆದು ಫಿಲ್ಲರಿನಿಂದ ಶಾಯಿಯನ್ನು ನೇರವಾಗಿ ಕೊಳವೆಗೆ ಬಿಡುವುದು. ಹಳ್ಳಿಯ ಮಕ್ಕಳು ಹತ್ತು ಪೈಸೆ ಕೊಟ್ಟು ಅಂಗಡಿಯಲ್ಲಿ ತುಂಬಿಸಿಕೊಳ್ಳುತ್ತಿದ್ದರಲ್ಲ, ಹಾಗೆ. ರಬ್ಬರ್ ಟ್ಯೂಬಿಲ್ಲವಾದ್ದರಿಂದ ಅದು ಕೆಡುವ ಮಾತೂ ಇಲ್ಲ. ಒಂದೇ ತೊಂದರೆ, ಶಾಯಿ ಕಾಲುಭಾಗಕ್ಕೆ ಇಳಿದಾಗ ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಕಾಗದದ ಮೇಲೆ ತೊಟ್ಟಿಕ್ಕುತ್ತದೆ. ಪರೀಕ್ಷೆಗೆ ಹೋಗುವ ಮುನ್ನ ಪೂರ್ತಿ ತುಂಬಿಸಿಕೋ ಎಂದು ತಂದೆಯರು ಹೇಳುತ್ತಿದ್ದುದರಲ್ಲಿ ಭೌತಶಾಸ್ತ್ರವಿತ್ತು.

ಲೇತ್ ಇರುವಲ್ಲಿ ರಿಪೇರಿಯ ಲೆಕ್ಕವೇ ಬೇರೆ. ಹಳೆಯ ಎಬೊನೈಟ್ ಪೆನ್ನಿನ ಮುಚ್ಚಳ ಕಳೆದರೆ ಕೊಳವೆಯ ಮರೆಯನ್ನು ಅಳೆದು, ಅಂಗುಲಕ್ಕೆ ಎಷ್ಟು ಸುತ್ತು ಎಂದು ಎಣಿಸಿ, ಹೊಸ ಮುಚ್ಚಳವನ್ನು ಕಡೆಯಬಹುದು. ಹೊಸದರ ಕಪ್ಪು ಹಳೆಯದರ ಕಪ್ಪಿಗೆ ಹೊಂದುವುದಿಲ್ಲ. ಸಂಗ್ರಾಹಕರು ಇದಕ್ಕೆ ಮೂಗು ಮುರಿಯುತ್ತಾರೆ. ಅವರ ಪ್ರಕಾರ ಒಂದೇ ಒಂದು ಭಾಗ ಬದಲಾದರೂ ಪೆನ್ನಿನ ಬೆಲೆ ಹೋಯಿತು. ಮಾರುವವರಿಗೆ ಅದು ಸರಿ. ತಾತ ಬರೆದ ಪೆನ್ನಿನಲ್ಲಿ ತಾನೂ ಬರೆಯಬೇಕೆನ್ನುವ ಹುಡುಗಿಗೆ ಮುಚ್ಚಳದ ಬಣ್ಣ ತುಸು ಬೇರೆಯಾದರೆ ಏನು ಹೋಯಿತು? ಪಾರ್ಕರ್ 51ರಂಥ ಪೆನ್ನಿಗೆ ಮಾತ್ರ ಈ ದಾರಿ ಹೆಚ್ಚು ದೂರ ಸಾಗುವುದಿಲ್ಲ. ಅದರ ಮೈ ಅಕ್ರಿಲಿಕ್, ಮುಚ್ಚಳ ಸಾಮಾನ್ಯವಾಗಿ ಲೋಹದ್ದು, ಹಿಡಿತ ಮರೆಯದ್ದಲ್ಲ, ಸ್ಪ್ರಿಂಗಿನದು. ಅದಕ್ಕೆ ಮತ್ತೆ ಧರ್ಮತಲದ ಡ್ರಾಯರೇ ಗತಿ.

ಮನೆಯಲ್ಲಿ ಹಳೆಯ ಪೆನ್ನಿದ್ದು, ಯಾವುದಾದರೂ ರಜೆಯಲ್ಲಿ ಆ ಕಡೆ ಹೋಗುವವರು ಅದನ್ನು ಇದ್ದ ಹಾಗೆಯೇ ಒಯ್ಯುವುದು ಒಳ್ಳೆಯದು. ಬಿಚ್ಚಲು ಹೋಗುವುದು ಬೇಡ, ಬಿಸಿನೀರು ಬೇಡ, ಎಣ್ಣೆ ಬೇಡ. ಶಾಯಿಯಿದ್ದರೆ ಖಾಲಿ ಮಾಡಿ ಹತ್ತಿಬಟ್ಟೆಯಲ್ಲಿ ಸುತ್ತಿದರೆ ಸಾಕು. ಕ್ಲಿಪ್ಪು ಮುರಿದಿದ್ದರೆ ಆ ತುಂಡು, ಮುಚ್ಚಳದ ಉಂಗುರ ಬಿದ್ದಿದ್ದರೆ ಆ ಉಂಗುರ, ಎಲ್ಲವನ್ನೂ ಬೇರೆ ಪೊಟ್ಟಣ ಕಟ್ಟಿ ಜೊತೆಯಲ್ಲೇ ಇಟ್ಟುಕೊಳ್ಳಬೇಕು. ತೀರ ರಿಪೇರಿಯಾಗದೆಂದು ಗೊತ್ತಾದರೂ ಪೆನ್ನನ್ನು ಕಸಕ್ಕೆ ಹಾಕುವುದಾಗಲಿ, ನಿಬ್ಬನ್ನು ಅಕ್ಕಸಾಲಿಗರಿಗೆ ಕೊಡುವುದಾಗಲಿ ಬೇಡ. ರಿಪೇರಿಯವರನ್ನೇ ಕೇಳಿದರೆ ಅವರು ಅದನ್ನು ಕೊಂಡುಕೊಳ್ಳಬಹುದು. ಅದರ ಮುಸುಕೋ ಕ್ಲಿಪ್ಪೋ ಬೇಕಾದ ಇನ್ನೊಂದು ಪೆನ್ನು ಯಾವುದಾದರೂ ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದೀತು.